ಉಕ್ಕಿನ ಸರಳಿನ ಅತಿಥಿ

(ನಂಗಲಿಯಲ್ಲಿ, ಪಲಮನೇರಿನ ಕಡೆಗೆ ಹೋಗುವ ಹೆದ್ದಾರಿಗೆ ಅನತಿದೂರದಲ್ಲಿ ಒಂದು ಮನೆಯ ಜಗುಲಿ. ಕಛೇರಿಗಳಲ್ಲಿ ಬಹುಕಾಲ ಪಿಟೀಲಿನ ಪಕ್ಕವಾದ್ಯ ನುಡಿಸಿ ಈಗ ಮನೆಯಲ್ಲಿಯೇ ಇರುವ ಹಿರಿಯರೊಬ್ಬರು; ಬೆಂಗಳೂರಿನ ಒಂದು ರಾಕ್ ತಂಡದಲ್ಲಿ ಗಿಟಾರ್ ನುಡಿಸುವ ಅವರ ಸೋದರಳಿಯ.)

ಹಿರಿಯರು: ನೀನು ಮೊಬೈಲಿನಲ್ಲಿ ತೋರಿಸಿದ ಕಾರ್ಯಕ್ರಮವನ್ನು ಮತ್ತೊಮ್ಮೆ ನೋಡಿದೆನಯ್ಯ. ನೀವೆಲ್ಲರೂ ಎದ್ದು ನಿಂತು, ಕುಣಿದು, ತಲೆಯನ್ನೂ ತಂತಿಯನ್ನೂ ಒಟ್ಟಿಗೆ ಆಡಿಸುತ್ತಿರಲು, ವೇದಿಕೆಯ ಎಡಗಡೆಯಲ್ಲಿ ಒಬ್ಬ ಪುಣ್ಯಾತ್ಮರು ಮಾತ್ರ, ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿಯಂತೆ ತಲೆ ತಗ್ಗಿಸಿ, ಕೈಯಿಂದ ಏನನ್ನೋ ಜಾರಿಸುತ್ತ, ಕಾಲಿನಿಂದ ಏನನ್ನೋ ಮೆಟ್ಟುತ್ತ, ಲೋಕದ ಗೊಡವೆಯೇ ತಮಗಿಲ್ಲವೆಂಬಂತೆ ಇದ್ದರಲ್ಲ, ಅವರು ಯಾರು? ಆ ವಾದ್ಯವಾದರೂ ಯಾವುದು?

ಕಿರಿಯ: ಅವರು ನಮ್ಮ ತಂಡದವರಲ್ಲ, ಮಾವ, ಆ ರಾತ್ರಿಯ ಮಟ್ಟಿಗೆ ಬಂದು ನಮ್ಮೊಡನೆ ಕುಳಿತ ಅತಿಥಿ. ವಾದ್ಯಕ್ಕೆ ಪೆಡಲ್ ಸ್ಟೀಲ್ ಗಿಟಾರ್ ಎಂದು ಹೆಸರು. ನಾಲ್ಕು ಕಾಲಿನ ಪೀಠದ ಮೇಲೆ ಮಲಗಿಸಿದ ಗಿಟಾರ್ ಎಂದಿಟ್ಟುಕೊಳ್ಳಿ. ಹತ್ತು ತಂತಿ, ಅವುಗಳನ್ನು ಬೆರಳಿನಿಂದ ಒತ್ತುವ ಮೆಟ್ಟಿಲುಗಳಿಲ್ಲ, ಸ್ಥಾನ ತಿಳಿಯಲೆಂದು ಎಳೆದ ಗೆರೆಗಳು ಮಾತ್ರ ಉಂಟು. ಎಡಗೈಯಲ್ಲಿ ಉಕ್ಕಿನ ದುಂಡನೆಯ ಸರಳು, ಬಲಗೈ ಬೆರಳುಗಳಿಗೆ ಮೀಟಲು ತೊಡಿಸಿದ ಉಗುರು. ಎಡಗಾಲಿನ ಕೆಳಗೆ ಮೂರು ಪೆಡಲು, ಎರಡು ಮೊಣಕಾಲುಗಳ ಪಕ್ಕದಲ್ಲಿ ನಾಲ್ಕೈದು ಸನ್ನೆಕೋಲು, ಬಲಗಾಲಿನ ಕೆಳಗೆ ಧ್ವನಿಯನ್ನು ಏರಿಸಿ ಇಳಿಸುವ ಇನ್ನೊಂದು ಪೆಡಲು.

ಹಿರಿಯರು: ಮನುಷ್ಯನಿಗೆ ದೇವರು ಕೊಟ್ಟ ಅಂಗಗಳೆಲ್ಲವೂ ದುಡಿಯುತ್ತಿವೆ ಎನ್ನು! ಸರಳನ್ನು ಜಾರಿಸುವುದರಿಂದಲೇ ಸ್ವರ ಏರಿಳಿಯುವುದಾದರೆ ಕಾಲಿಗೆ ಕೆಲಸವೇನು? ನಮ್ಮ ಗೋಟುವಾದ್ಯದಲ್ಲಿ ನಯವಾದ ಮರದ ತುಂಡೊಂದನ್ನು ತಂತಿಯ ಮೇಲೆ ಜಾರಿಸುತ್ತಾರೆ. ಮೈಸೂರಿನ ಆಸ್ಥಾನದಲ್ಲಿದ್ದ ನಾರಾಯಣ ಅಯ್ಯಂಗಾರ್ಯರು ಅಷ್ಟರಿಂದಲೇ ಗಾಯಕನ ಕಂಠದಲ್ಲಿರುವ ಗಮಕಗಳೆಲ್ಲವನ್ನೂ ತೆಗೆಯುತ್ತಿದ್ದರೆಂದು ಕೇಳಿದವರು ಹೇಳುತ್ತಿದ್ದುದುಂಟು.

ಕಿರಿಯ: ಸರಳು ಜಾರಿದರೆ ಹತ್ತು ತಂತಿಯೂ ಒಟ್ಟಿಗೆ ಜಾರುತ್ತವೆ, ಮಾವ, ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮಾತ್ರ ಏರಿಸಬೇಕಾದರೆ ಕಾಲೇ ಬೇಕು. ನಿಮ್ಮ ಲೆಕ್ಕದಲ್ಲಿ ಹೇಳುತ್ತೇನೆ: ಷಡ್ಜ, ಅಂತರ ಗಾಂಧಾರ, ಪಂಚಮ, ಈ ಮೂರು ಒಟ್ಟಿಗೆ ನುಡಿಯುತ್ತಿವೆ ಎನ್ನಿ. ಒಂದು ಪೆಡಲನ್ನು ಮೆಟ್ಟಿದರೆ ಪಂಚಮದ ತಂತಿ ಬಿಗಿಯಾಗಿ ಚತುಶ್ಶ್ರುತಿ ಧೈವತಕ್ಕೆ ಏರುತ್ತದೆ. ಅದರ ಪಕ್ಕದ ಪೆಡಲನ್ನು ಮೆಟ್ಟಿದರೆ ಗಾಂಧಾರ ಶುದ್ಧ ಮಧ್ಯಮಕ್ಕೆ ಏರುತ್ತದೆ. ಷಡ್ಜ ಮಾತ್ರ ಕದಲುವುದಿಲ್ಲ. ಮೀಟಿದ್ದು ಒಂದೇ ಸಲ, ಸರಳು ಇದ್ದಲ್ಲಿಯೇ ಇದೆ, ಆದರೂ ಸ-ಗ-ಪ ಎಂಬುದು ಕಿವಿಯ ಮುಂದೆಯೇ ಕರಗಿ ಸ-ಮ-ದ ಆಗುತ್ತದೆ. ಅಮೆರಿಕದಲ್ಲಿ ಬಡ್ ಐಸಾಕ್ಸ್ ಎಂಬಾತ 1954ರಲ್ಲಿ ಜನಪ್ರಿಯವಾದ ಒಂದು ಹಾಡಿನ ಧ್ವನಿಮುದ್ರಿಕೆಯಲ್ಲಿ, ತಂತಿ ನುಡಿಯುತ್ತಿರುವಾಗಲೇ ಪೆಡಲನ್ನು ಮೆಟ್ಟಿ ಈ ಏರಿಕೆಯನ್ನು ಕೇಳಿಸಿದ ಮೇಲೆ, ಆ ದೇಶದ ಸ್ಟೀಲ್ ವಾದಕರೆಲ್ಲರೂ ತಮ್ಮ ತಮ್ಮ ವಾದ್ಯಗಳಿಗೆ ಪೆಡಲು ಕಟ್ಟಿಸಿಕೊಳ್ಳಲು ಧಾವಿಸಿದರಂತೆ.

ಹಿರಿಯರು: ಷಡ್ಜವು ಅಚಲವಾಗಿರಲು ಅದರ ಮೇಲೆ ಎರಡು ಜಾರುಗಳು ಏಕಕಾಲದಲ್ಲಿ ನಡೆಯುವುದು! ಇದನ್ನು ಪಿಟೀಲಿನಲ್ಲಿ ಮಾಡಲು ಇಬ್ಬರು ಬೇಕು, ಆ ಇಬ್ಬರಲ್ಲಿ ಮನಸ್ತಾಪವಿರಬಾರದು. ಒಳ್ಳೆಯದು, ವಾದ್ಯವನ್ನು ಒಪ್ಪಿದೆ. ಆದರೆ ಅದನ್ನು ಆ ಗದ್ದಲದ ನಡುವೆ ತಂದು ಕೂರಿಸಿದ್ದು ನ್ಯಾಯವೇ? ನಿಮ್ಮ ರಾಕ್ ಮೇಳವೆಂಬುದು ಎಲ್ಲರೂ ಎಲ್ಲ ಕಾಲದಲ್ಲಿಯೂ ಬಾರಿಸುತ್ತಿರತಕ್ಕ ಒಂದು ವ್ಯವಸ್ಥೆಯೆಂದು ನನಗೆ ಕಾಣುತ್ತದೆ. ಅಲ್ಲಿ ಅಂತಹ ನಾಜೂಕಿನ ವಾದ್ಯವನ್ನು ಅತಿಥಿಯೆಂದು ಕರೆದು ತರುವುದು ಅದಕ್ಕೆ ಮಾಡಿದ ಉಪಕಾರವೋ ಅಪಕಾರವೋ?

ಕಿರಿಯ: ಅತಿಥಿ ಯಾರು, ಮನೆಯವರು ಯಾರು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಗಿಟಾರನ್ನು ಮಲಗಿಸಿ ಉಕ್ಕಿನಿಂದ ಜಾರಿಸಿ ನುಡಿಸುವ ಪದ್ಧತಿ ಹವಾಯಿ ದ್ವೀಪಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿತು. ಜೋಸೆಫ್ ಕೆಕುಕು ಎಂಬ ಹುಡುಗ ಅದನ್ನು ರೂಢಿಗೆ ತಂದನೆಂದು ಬಹುಮಂದಿಯ ಮತ. ಅವನಿಗಿಂತಲೂ ಮುಂಚೆ, ಇಂಡಿಯಾದಲ್ಲಿ ಹುಟ್ಟಿ ಹಡಗಿನವರ ಕೈಗೆ ಸಿಕ್ಕಿ ಹೊನೊಲುಲು ಸೇರಿದ ಗೇಬ್ರಿಯಲ್ ಡೇವಿಯನ್ ಎಂಬ ಹುಡುಗನೊಬ್ಬ ಹಾಗೆ ನುಡಿಸುತ್ತಿದ್ದನೆಂಬ ಐತಿಹ್ಯವೂ ಉಂಟು.

ಹಿರಿಯರು: ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಜಗತ್ತಿನ ಪ್ರತಿಯೊಂದು ವಸ್ತುವೂ ನಮ್ಮಲ್ಲಿಯೇ ಹುಟ್ಟಿತೆಂದು ಹೇಳಿ ಸಂತೋಷಪಡುವವರ ಸಂಖ್ಯೆ ಈಗಾಗಲೇ ಸಾಕಷ್ಟಿದೆ. ಮುಂದೆ ಹೇಳು.

ಕಿರಿಯ: ಆ ಹವಾಯಿ ಸಂಗೀತ ಅಮೆರಿಕದಲ್ಲಿ ಹುಚ್ಚಿನಂತೆ ಹಬ್ಬಿತು, ಆದರೆ ನರ್ತನಶಾಲೆಗಳ ತುತ್ತೂರಿಗಳ ಎದುರಿನಲ್ಲಿ ಗಿಟಾರಿನ ಧ್ವನಿ ಕೇಳಿಸುತ್ತಿರಲಿಲ್ಲ. ಅದನ್ನು ಕೇಳಿಸಬೇಕೆಂದು ತಂತಿಯ ಕಂಪನವನ್ನು ಅಯಸ್ಕಾಂತದ ಮೂಲಕ ವಿದ್ಯುತ್ತಾಗಿ ಮಾರ್ಪಡಿಸುವ ಉಪಾಯವನ್ನು ಕಂಡುಹಿಡಿದು, ಮುಂದೆ ರಿಕನ್‌ಬ್ಯಾಕರ್ ಎಂದು ಹೆಸರಾದ ಕಂಪನಿಯವರು 1932ರಲ್ಲಿ ಮಾರಾಟಕ್ಕೆ ತಂದ ವಿದ್ಯುತ್ ಗಿಟಾರ್ ಯಾವುದು ಗೊತ್ತೇ? ನಾನು ಕೊರಳಿಗೆ ತೂಗುಹಾಕಿಕೊಳ್ಳುವಂತಹುದಲ್ಲ. ತೊಡೆಯ ಮೇಲೆ ಮಲಗಿಸಿ ಉಕ್ಕಿನಿಂದ ಜಾರಿಸುವ ಸ್ಟೀಲ್ ಗಿಟಾರ್. ಆಕಾರವನ್ನು ನೋಡಿ ಜನ ಅದನ್ನು ಬಾಣಲೆ ಎಂದೇ ಕರೆದರು. ರಾಕ್ ಸಂಗೀತದ ಸರ್ವಸ್ವವೆನಿಸಿದ ವಿದ್ಯುತ್ ಗಿಟಾರಿನ ವಂಶದಲ್ಲಿ ಹಿರಿಯವನು ಈ ಮಲಗಿದ ವಾದ್ಯವೇ.

ಹಿರಿಯರು: ಹಾಗಾದರೆ ಹಿರಿಯಣ್ಣನನ್ನು ಹೊರಗೆ ನಿಲ್ಲಿಸಿ, ಕಿರಿಯರು ಮನೆ ಹಂಚಿಕೊಂಡು, ಹಬ್ಬಕ್ಕೊಮ್ಮೆ ಅವನನ್ನು ಊಟಕ್ಕೆ ಕರೆದಂತಾಯಿತು! ಧ್ವನಿ ಕೇಳಿಸಬೇಕೆಂಬ ಆ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ಮಾಡಿಕೊಂಡದ್ದೂ ಅದಕ್ಕಾಗಿಯೇ. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕೊನೆಯ ಸಾಲಿನವನಿಗೂ ಕಮಾನಿನ ಎಳೆ ಮುಟ್ಟಬೇಕೆಂದು. ವಿದ್ಯುತ್ತಿನ ಮಾತು ಬಂದಿತಾದ್ದರಿಂದ ಹೇಳುತ್ತೇನೆ: ಶಿವನಸಮುದ್ರದಿಂದ 1902ರಲ್ಲಿ ತಂತಿ ಎಳೆದು ವಿದ್ಯುತ್ತನ್ನು ಮೊದಲು ತಂದದ್ದು ನಮ್ಮ ಜಿಲ್ಲೆಯ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳು ಬೆಳಗಿದ್ದು ಅದರ ಮೂರು ವರ್ಷಗಳ ಅನಂತರ. ಆದುದರಿಂದ ವಿದ್ಯುತ್ತೆಂದರೆ ಕೋಲಾರದವನಿಗೆ ಹೆದರಿಕೆಯಿಲ್ಲ. ಅದರ ಅತಿಯಾದ ಬಳಕೆಯ ವಿಷಯದಲ್ಲಿ ಮಾತ್ರ ನನ್ನ ಆಕ್ಷೇಪ. ಇರಲಿ, ಆ ರಾತ್ರಿ ನಡೆದದ್ದನ್ನು ಹೇಳು. ಆತ ಬಂದು ಎಷ್ಟು ದಿನ ನಿಮ್ಮೊಡನೆ ತಾಲೀಮು ಮಾಡಿದರು?

ಕಿರಿಯ: ತಾಲೀಮೇ ಇಲ್ಲ. ಕಾರ್ಯಕ್ರಮಕ್ಕೆ ಮೊದಲು ಬಂದರು, ಪೆಟ್ಟಿಗೆ ತೆರೆದು ಪೀಠಕ್ಕೆ ಕಾಲುಗಳನ್ನು ತಿರುಗಿಸಿ ಕೂಡಿಸಿದರು, ಪೆಡಲಿನ ಸರಳುಗಳನ್ನು ಒಂದೊಂದಾಗಿ ಸಿಕ್ಕಿಸಿದರು, ಬಳಿಕ ಬಹಳ ಹೊತ್ತು ಶ್ರುತಿ ಮಾಡಿದರು. ಪ್ರತಿ ತಂತಿಯನ್ನೂ ಬರಿದಾಗಿ ಒಮ್ಮೆ, ಪೆಡಲು ಮೆಟ್ಟಿ ಇನ್ನೊಮ್ಮೆ ಶ್ರುತಿ ನೋಡಬೇಕು. ನಮ್ಮನ್ನು ಕೇಳಿದ್ದು ಒಂದೇ: ಹಾಡುಗಳ ಪಟ್ಟಿ, ಪ್ರತಿ ಹಾಡಿಗೂ ಅಂಕಿಗಳ ಚೀಟಿ. ಅಮೆರಿಕದ ನ್ಯಾಶ್‌ವಿಲ್ ಊರಿನ ಧ್ವನಿಮುದ್ರಣಶಾಲೆಗಳಲ್ಲಿ 1950ರ ದಶಕದ ಕೊನೆಯಿಂದ ಬಳಕೆಗೆ ಬಂದ ಪದ್ಧತಿ ಅದು. ಆಧಾರಸ್ವರದ ಮೇಲಿನ ಸ್ವರಗುಚ್ಛಕ್ಕೆ 1, ಮಧ್ಯಮದ ಮೇಲಿನದಕ್ಕೆ 4, ಪಂಚಮದ ಮೇಲಿನದಕ್ಕೆ 5 ಎಂದು ಬರೆದುಬಿಟ್ಟರೆ, ಗಾಯಕನ ಗಂಟಲು ಕಟ್ಟಿ ಶ್ರುತಿಯನ್ನು ಇಳಿಸಿದರೂ ಚೀಟಿಯನ್ನು ತಿದ್ದಬೇಕಾಗಿಲ್ಲ.

ಹಿರಿಯರು: ಬುದ್ಧಿವಂತರ ಕೆಲಸ. ಇದು ನಮಗೂ ಅಪರಿಚಿತವಲ್ಲ; ಗಾಯಕಿಯ ಶ್ರುತಿ ಐದೂವರೆ ಎಂದರೇನು, ಗಾಯಕನ ಶ್ರುತಿ ಒಂದು ಎಂದರೇನು, ಪಕ್ಕವಾದ್ಯದವನ ಮನಸ್ಸಿನಲ್ಲಿರುವ ಸರಿಗಮ ಒಂದೇ. ಆಮೇಲೆ?

ಕಿರಿಯ: ಮೊದಲನೆಯ ಹಾಡು ಆರಂಭವಾಯಿತು. ಆತ ಸರಳನ್ನು ತಂತಿಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಪಲ್ಲವಿ ಮುಗಿಯಿತು, ಚರಣ ಮುಗಿಯಿತು, ಒಂದು ಸ್ವರವಿಲ್ಲ. ವಿದ್ಯುತ್ತಿನ ತಂತಿಯೇ ಕಡಿದುಹೋಗಿದೆಯೆಂದು ನಾನು ಗಾಬರಿಯಾದೆ. ಎರಡನೆಯ ಚರಣದಲ್ಲಿ ನಮ್ಮ ಹಾಡುಗಾತಿ ಒಂದು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಂಡ ಕ್ಷಣದಲ್ಲಿ, ಎಲ್ಲಿಂದಲೋ ಒಂದು ಎಳೆ ಬಂದಿತು. ಆಕೆ ಮುಂದಿನ ಸಾಲನ್ನು ಎತ್ತಿಕೊಳ್ಳುವಷ್ಟರಲ್ಲಿ ಅದು ಇರಲಿಲ್ಲ. ಬಲಗಾಲಿನ ಪೆಡಲಿನಿಂದ ಮೀಟಿನ ಸದ್ದನ್ನು ಮುಚ್ಚಿ, ಆಮೇಲೆ ಮೆಲ್ಲಗೆ ತೆರೆಯುತ್ತಾರೆ. ಆದುದರಿಂದ ಸ್ವರ ಎಲ್ಲಿ ಹುಟ್ಟಿತೆಂದು ತಿಳಿಯುವುದೇ ಇಲ್ಲ.

ಹಿರಿಯರು: ಭೇಷ್! ಆತ ಪಕ್ಕವಾದ್ಯದ ಧರ್ಮವನ್ನು ಬಲ್ಲವರು. ಗಾಯಕ ಆಲಾಪನೆ ಮಾಡುವಾಗ ಪಿಟೀಲು ಒಂದು ಉಸಿರಿನಷ್ಟು ಹಿಂದೆ ಇರತಕ್ಕದ್ದು. ಮುಂದೆ ಹೋದರೆ ಉದ್ಧಟತನ, ತೀರ ಹಿಂದೆ ಬಿದ್ದರೆ ಹೊರೆ. ತನ್ನ ಸರದಿ ಬಂದಾಗ ಗಾಯಕ ಮುಟ್ಟದೆ ಬಿಟ್ಟ ಒಂದು ಸಂಚಾರವನ್ನು ಮುಟ್ಟಬಹುದು, ಆದರೆ ಗಾಯಕ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಕಾಲವನ್ನು ತೆಗೆದುಕೊಳ್ಳುವ ಅಧಿಕಾರ ಅವನಿಗಿಲ್ಲ. ಮತ್ತೆ ಮೊದಲ ಕೀರ್ತನೆಯಲ್ಲಿ ವಿದ್ಯೆಯನ್ನು ತೋರಿಸಲು ಹೋಗುವ ಪಕ್ಕವಾದ್ಯಗಾರ ಕಛೇರಿಯ ಕೊನೆಗೆ ಯಾರಿಗೂ ಬೇಡವಾಗಿರುತ್ತಾನೆ.

ಕಿರಿಯ: ನಿಮ್ಮ ಧರ್ಮದಲ್ಲಿ ಒಂದು ಅನುಕೂಲವಿದೆ, ಮಾವ; ಅಲ್ಲಿ ಗಾಯಕ ಮುಖ್ಯನೆಂದು ಮೊದಲೇ ಗೊತ್ತು. ನಮ್ಮಲ್ಲಿ ಎರಡು ಗಿಟಾರ್, ಒಂದು ಕೀಬೋರ್ಡ್, ಬೇಸ್, ಡ್ರಮ್ಸ್, ಎಲ್ಲರೂ ಸಮಾನರು. ಎಂದರೆ ಯಾರೂ ಬಿಟ್ಟುಕೊಡುವುದಿಲ್ಲ. ಸ್ಟೀಲ್ ಗಿಟಾರಿನ ಧ್ವನಿ ಮನುಷ್ಯರ ಕಂಠ ಇರುವ ಸ್ಥಾಯಿಯಲ್ಲಿಯೇ ಇರುವುದರಿಂದ, ಅದೇ ಜಾಗದಲ್ಲಿ ನನ್ನ ಗಿಟಾರೂ ಕೀಬೋರ್ಡಿನವನ ಬಲಗೈಯೂ ಆಗಲೇ ತುಂಬಿಕೊಂಡಿರುತ್ತವೆ. ಅತಿಥಿಗೆ ಸ್ಥಳ ಮಾಡಬೇಕೆಂದರೆ ನಾವು ನುಡಿಸುವುದನ್ನು ಕಡಿಮೆ ಮಾಡಬೇಕು. ಆ ರಾತ್ರಿ ಎರಡನೆಯ ಹಾಡಿನಲ್ಲಿ ಕೀಬೋರ್ಡಿನ ಹುಡುಗ ತಾನಾಗಿಯೇ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ನನಗೆ ಅಷ್ಟು ಬೇಗ ಆ ಬುದ್ಧಿ ಬರಲಿಲ್ಲ.

ಹಿರಿಯರು: ಕೀಬೋರ್ಡಿನ ಹುಡುಗ ಬುದ್ಧಿವಂತ. ಶ್ರುತಿಯ ಜಗಳವೇನೂ ಆಗಲಿಲ್ಲವೇ? ಮೆಟ್ಟಿಲಿಲ್ಲದ ವಾದ್ಯವನ್ನೂ ಸ್ವರಸ್ಥಾನಗಳು ಮೊದಲೇ ಗಟ್ಟಿಯಾದ ವಾದ್ಯವನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದರೆ ಅಂತರ ಗಾಂಧಾರದ ಹತ್ತಿರ ಕಿರಿಕಿರಿ ಬರಲೇಬೇಕಲ್ಲ!

ಕಿರಿಯ: ಇದನ್ನು ನೀವು ಹೇಗೆ ಊಹಿಸಿದಿರಿ? ಅದೇ ಆಯಿತು. ಕೀಬೋರ್ಡಿನಲ್ಲಿ ಹನ್ನೆರಡು ಸ್ವರಗಳ ನಡುವಣ ಅಂತರವನ್ನು ಸಮವಾಗಿ ಹಂಚಿದ್ದಾರೆ. ಆ ಒಂದೊಂದು ಅಂತರವನ್ನು 100 ಭಾಗವೆಂದು ಗಣಿಸಿದರೆ, ಸಹಜವಾದ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಭಾಗ ಕೆಳಗಿದೆ. ಅನೇಕ ಸ್ಟೀಲ್ ವಾದಕರು ಕಿವಿಗೆ ಒಪ್ಪುವಂತೆ ಗಾಂಧಾರದ ತಂತಿಯನ್ನು ತುಸು ತಗ್ಗಿಸಿಯೇ ಶ್ರುತಿ ಮಾಡಿಕೊಳ್ಳುತ್ತಾರೆ. ಕೀಬೋರ್ಡು ಜೊತೆಯಲ್ಲಿ ನುಡಿದರೆ ಎರಡು ಗಾಂಧಾರಗಳು ಉಜ್ಜಿ ಅದುರುತ್ತವೆ.

ಹಿರಿಯರು: ತಂಬೂರಿಯ ಮಂದ್ರದ ತಂತಿಯನ್ನು ಮೀಟಿ ಕಿವಿಗೊಟ್ಟರೆ ತಾನಾಗಿಯೇ ಕೇಳಿಬರುವ ಗಾಂಧಾರವುಂಟಲ್ಲ, ಅದು ಹಾರ್ಮೋನಿಯಂ ಗಾಂಧಾರದೊಡನೆ ಎಂದಾದರೂ ಸೇರಿತ್ತೇ? ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿ ಮೂರು ದಶಕಗಳ ಕಾಲ ಒಳಗೆ ಬಿಡದಿದ್ದುದಕ್ಕೆ ಹೇಳಿದ ಕಾರಣಗಳಲ್ಲಿ ಇದೂ ಒಂದು. ಅದು ಅತಿರೇಕವಾಯಿತೆಂದು ನನ್ನ ಮತ. ಆದರೆ ಆಕ್ಷೇಪದಲ್ಲಿ ಹುರುಳಿತ್ತು. ನಿಮ್ಮ ಅತಿಥಿ ಏನು ಮಾಡಿದರು?

ಕಿರಿಯ: ಸರಳನ್ನು ಕೂದಲೆಳೆಯಷ್ಟು ಮುಂದೂಡಿ, ಮಣಿಕಟ್ಟನ್ನು ಮೆಲ್ಲಗೆ ನಡುಗಿಸಿ, ಗಾಂಧಾರವು ಒಂದೇ ಜಾಗದಲ್ಲಿ ನಿಲ್ಲದಂತೆ ನೋಡಿಕೊಂಡರು. ನಿಲ್ಲದಿದ್ದರೆ ಜಗಳವಿಲ್ಲ.

ಹಿರಿಯರು: ಕಂಪಿತವೆಂಬ ಗಮಕ! ಶಾಸ್ತ್ರವನ್ನು ಓದದೆ ಶಾಸ್ತ್ರಕ್ಕೆ ಬಂದು ಸೇರಿದ್ದಾರೆ. ಇಷ್ಟು ಹೇಳಿದೆಯಲ್ಲ, ಹೀಗೆ ಎರವಾಗಿ ಬಂದು ಕುಳಿತು ಹಾಡಿಗೆ ಉಪಕಾರ ಮಾಡಿದವರ ದೃಷ್ಟಾಂತಗಳೇನಾದರೂ ಉಂಟೋ, ಅಥವಾ ನಿಮ್ಮದೇ ಮೊದಲೋ?

ಕಿರಿಯ: ಬೇಕಾದಷ್ಟಿವೆ. ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ, ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್, ಯಂಗ್ ಎಂಬ ನಾಲ್ವರ, 1970ರಲ್ಲಿ ಹೊರಬಂದ ‘ಟೀಚ್ ಯುವರ್ ಚಿಲ್ಡ್ರನ್’ ಹಾಡಿಗೆ ಪೆಡಲ್ ಸ್ಟೀಲ್ ನುಡಿಸಿದ. ಆತ ಆ ವಾದ್ಯವನ್ನು ಹಿಡಿದು ಹೆಚ್ಚು ಕಾಲವೂ ಆಗಿರಲಿಲ್ಲ. ಅದಕ್ಕೆ ಪ್ರತಿಯಾಗಿ ಆ ನಾಲ್ವರು ಗಾರ್ಸಿಯಾನ ತಂಡದವರಿಗೆ ಕಂಠಗಳನ್ನು ಹೊಂದಿಸಿ ಹಾಡುವುದನ್ನು ಹೇಳಿಕೊಡಬೇಕೆಂದು ಒಪ್ಪಂದವಾಗಿತ್ತೆಂಬುದು ಪ್ರಸಿದ್ಧವಾದ ಮಾತು. ನ್ಯಾಶ್‌ವಿಲ್‌ನ ಪೀಟ್ ಡ್ರೇಕ್ ಬಾಬ್ ಡಿಲನ್‌ನ ಹಾಡುಗಳಿಗೆ ನುಡಿಸಿ, 1970ರಲ್ಲಿ ಜಾರ್ಜ್ ಹ್ಯಾರಿಸನ್ ಕರೆಸಿಕೊಂಡದ್ದರಿಂದ ಲಂಡನ್ನಿಗೆ ಹೋಗಿ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಮುದ್ರಿಕೆಯಲ್ಲಿ ಕುಳಿತ.

ಹಿರಿಯರು: ಗಾರ್ಸಿಯಾನ ವ್ಯವಹಾರ ನನಗೆ ಮೆಚ್ಚಿಕೆಯಾಯಿತು. ವಿದ್ಯೆಗೆ ವಿದ್ಯೆಯನ್ನೇ ಕೊಟ್ಟು ಕೊಂಡುಕೊಳ್ಳುವುದು ನಮ್ಮ ಹಿಂದಿನವರೂ ಒಪ್ಪಿದ ಮಾರ್ಗ. ನಮ್ಮ ಸೀಮೆಯಲ್ಲಿ?

ಕಿರಿಯ: ಕಲ್ಕತ್ತೆಗೆ ಹವಾಯಿ ಪರಂಪರೆಯ ತೌ ಮೋ ಬಂದು ನೆಲೆಸಿದ್ದು, ಅವರಿಂದ ಹಲವರು ಕಲಿತದ್ದು, ಬ್ರಿಜಭೂಷಣ ಕಾಬ್ರಾ ಅವರು 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಗಿಟಾರನ್ನು ಕೂರಿಸಿದ್ದು, ವಿಶ್ವಮೋಹನ ಭಟ್ಟರು ರೈ ಕೂಡರ್ ಎಂಬ ಅಮೆರಿಕದ ವಾದಕನೊಡನೆ ಪೂರ್ವಸಿದ್ಧತೆಯಿಲ್ಲದೆ ಕುಳಿತು ನುಡಿಸಿದ್ದಕ್ಕೆ 1994ರಲ್ಲಿ ಗ್ರ್ಯಾಮಿ ಬಂದದ್ದು, ಇವೆಲ್ಲ ಒಂದು ಕಡೆ. ಮೈಸೂರಿನಲ್ಲಿ ಹುಟ್ಟಿದ ರವಿಕಿರಣ್, ನೀವು ಹೇಳಿದ ನಾರಾಯಣ ಅಯ್ಯಂಗಾರ್ಯರ ಮೊಮ್ಮಗ, 1995ರಲ್ಲಿ ತಾಜ್ ಮಹಲ್ ಎಂಬ ಹೆಸರಿಟ್ಟುಕೊಂಡ ಬ್ಲೂಸ್ ಗಾಯಕನೊಡನೆ ಗೋಟುವಾದ್ಯವನ್ನೇ ನುಡಿಸಿದರು. ಇನ್ನು ಬೆಂಗಳೂರಿನಲ್ಲಿಯೇ ಪ್ರಕಾಶ್ ಸೊಂಟಕ್ಕೆ ಅವರಿದ್ದಾರೆ; ಸಂಗೀತಗಾರರ ಮನೆಯಲ್ಲಿ ಬೆಳೆದು ಹಿಂದೂಸ್ತಾನಿ ರಾಗಗಳನ್ನು ಸ್ಲೈಡ್ ಗಿಟಾರಿನಲ್ಲಿ ನುಡಿಸುವವರು. ಬೇಸ್, ಡ್ರಮ್ಸ್ ಇರುವ ಮೂನಾರ್ರ ತಂಡದೊಡನೆ ಅವರು ಕುಳಿತು ನುಡಿಸುವುದನ್ನು ಕೇಳಿದರೆ, ಮೀಂಡ್ ಎಂಬ ಜಾರಿಗೂ ಡ್ರಮ್ಸಿಗೂ ಹಗೆತನವೇನೂ ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ಅವರ ವಾದ್ಯಕ್ಕೆ ಪೆಡಲಿಲ್ಲ. ಅದರ ಕೆಲಸವನ್ನೆಲ್ಲ ಎಡಗೈಯೇ ಮಾಡುತ್ತದೆ.

ಹಿರಿಯರು: ಬೆರಕೆ ಎಂಬುದನ್ನು ನಾನು ಆಕ್ಷೇಪಿಸುತ್ತಿದ್ದೇನೆಂದು ತಿಳಿಯಬೇಡ. ನಮ್ಮದು ಗಡಿಯ ಊರು; ಹೊಯ್ಸಳ ದೊರೆ ವಿಷ್ಣುವರ್ಧನನ ಬಿರುದುಗಳಲ್ಲಿ ನಮ್ಮ ನಂಗಲಿಯ ಹೆಸರಿದೆ. ಹೊಯ್ಸಳ ರಾಜ್ಯದ ಮೂಡಣ ಎಲ್ಲೆ ನಂಗಲಿಯ ಘಟ್ಟವೆಂದು ಶಾಸನಗಳು ಹೇಳುತ್ತವೆ. ರಾಜರು ಎಲ್ಲೆಯೆಂದು ಕೆತ್ತಿಸಿದರು, ಸರ್ಕಾರದವರು ಇಂದಿಗೂ ಲಾರಿಗಳನ್ನು ನಿಲ್ಲಿಸಿ ಕಾಗದ ನೋಡುತ್ತಾರೆ. ನಮ್ಮ ಭಜನೆಯಲ್ಲಿ ಮಾತ್ರ ಪುರಂದರದಾಸರ ಪದವಾದ ಮೇಲೆ ತ್ಯಾಗರಾಜರ ತೆಲುಗು ಕೀರ್ತನೆ ಬರುವಾಗ ಭಾಷೆ ಬದಲಾಯಿತೆಂದು ತಾಳ ಹಾಕುವವನು ಕೈ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ನನ್ನ ತಕರಾರು ಬೇರೆ. ಆ ವಾದ್ಯ ಅಳುತ್ತದಯ್ಯ. ಮೊದಲನೆಯ ಹಾಡಿನಲ್ಲಿ ಅತ್ತರೆ ಕರುಣೆ, ಎರಡನೆಯದರಲ್ಲಿ ಅತ್ತರೆ ಅನುಕಂಪ, ಐದನೆಯ ಹಾಡಿಗೂ ಅಳುತ್ತಿದ್ದರೆ ಯಾರಾದರೂ ಎದ್ದು ಹೋಗಿ ಸಮಾಧಾನ ಮಾಡಬೇಕೆನ್ನಿಸುತ್ತದೆ.

ಕಿರಿಯ: ಅದು ವಾದ್ಯದ ಸ್ವಭಾವವಲ್ಲ, ಮಾವ, ಹಾಡಿನವರು ಅದಕ್ಕೆ ವಹಿಸಿಕೊಟ್ಟ ಪಾತ್ರ. ಅಮೆರಿಕದಲ್ಲಿ ಹೌಸ್ ಆಫ್ ಗಾಡ್ ಎಂಬ ಕರಿಯರ ಚರ್ಚುಗಳುಂಟು. ಅಲ್ಲಿ 1930ರ ದಶಕದಿಂದ ಆರಾಧನೆಗೆ ಮುಖ್ಯವಾದ್ಯ ಸ್ಟೀಲ್ ಗಿಟಾರೇ. ಅಲ್ಲಿ ಅದು ಕೂಗುತ್ತದೆ, ನಗುತ್ತದೆ, ಭಕ್ತರನ್ನು ಎಬ್ಬಿಸಿ ಕುಣಿಸುತ್ತದೆ. ಆ ಚರ್ಚಿನಲ್ಲಿ ಬೆಳೆದ ರಾಬರ್ಟ್ ರ‍್ಯಾಂಡಾಲ್ಫ್ ಇಂದು ರಾಕ್ ತಂಡಗಳ ನಡುವೆ ಪೆಡಲ್ ಸ್ಟೀಲ್ ಇಟ್ಟುಕೊಂಡು ಕುಳಿತರೆ, ಮೇಳದವರೆಲ್ಲರೂ ಆತನ ಹಿಂದೆ ಓಡಬೇಕಾಗುತ್ತದೆ.

ಹಿರಿಯರು: ಹಾಗೋ! ನಾಗಸ್ವರವನ್ನು ಮದುವೆಯಲ್ಲಿ ಮಾತ್ರ ಕೇಳಿದವನು ಅದಕ್ಕೆ ದುಃಖ ಗೊತ್ತಿಲ್ಲವೆಂದು ಹೇಳಿದಂತಾಯಿತು ನನ್ನ ಮಾತು. ಹಾಗಾದರೆ ನಿಮ್ಮ ಅತಿಥಿಗೆ ಒಂದು ದ್ರುತಗತಿಯ ಹಾಡನ್ನೂ ಕೊಡಬೇಕಾಗಿತ್ತು.

ಕಿರಿಯ: ಕೊಟ್ಟೆವು, ಕೊನೆಯಲ್ಲಿ. ಆದರೆ ಡ್ರಮ್ಸಿನವನು ಉತ್ಸಾಹದಿಂದ ತಾಳದ ತಟ್ಟೆಗಳನ್ನು ಬಡಿದದ್ದರಿಂದ ಆತನಿಗೆ ತನ್ನ ವಾದ್ಯವೇ ಕೇಳಿಸದೆ, ಎರಡು ಸಲ ಸರಳನ್ನು ಎತ್ತಿಬಿಟ್ಟರು. ಮೆಟ್ಟಿಲಿರುವ ಗಿಟಾರನ್ನು ಕಿವಿ ಮುಚ್ಚಿಕೊಂಡೂ ನುಡಿಸಬಹುದು. ಸ್ಟೀಲ್ ವಾದಕನಿಗೆ ತನ್ನ ಶ್ರುತಿ ಕೇಳಿಸದಿದ್ದರೆ ನುಡಿಸಲು ಸಾಧ್ಯವೇ ಇಲ್ಲ.

ಹಿರಿಯರು: ಕೇಳಿಸದಾಗ ಸರಳನ್ನು ಎತ್ತಿದರಲ್ಲ, ಆತನ ಯೋಗ್ಯತೆಗೆ ಇದಕ್ಕಿಂತ ಪ್ರಮಾಣ ಬೇಕಿಲ್ಲ. ಅಪಸ್ವರವಾದರೂ ಚಿಂತೆಯಿಲ್ಲ, ಕೈ ನಿಲ್ಲಬಾರದೆಂದು ನುಡಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಮುಂದೆ ಧ್ವನಿಪೆಟ್ಟಿಗೆಯೊಂದನ್ನು ಆತನ ಕಿವಿಯ ಹತ್ತಿರವೇ ಇಡಿಸು. ಅದಿರಲಿ, ಗೋಡೆಗೆ ಅಂಟಿಸಿದ ಕಾಗದದಲ್ಲಿ ಆತನ ಹೆಸರನ್ನು ಎಲ್ಲಿ ಹಾಕಿಸಿದ್ದಿರಿ?

ಕಿರಿಯ: ಹಾಕಿಸಿರಲಿಲ್ಲ, ಮಾವ. ನಮ್ಮ ತಂಡದ ಹೆಸರಿತ್ತು, ಊರಿನ ಒಂದು ಬಿಯರ್ ಕಂಪನಿಯ ಹೆಸರಿತ್ತು. ಹಾಡುಗಾತಿ ವೇದಿಕೆಯಿಂದ ಆತನ ಹೆಸರನ್ನು ಹೇಳಿದಾಗ ಡ್ರಮ್ಸು ಶುರುವಾಗಿತ್ತು, ಯಾರಿಗೂ ಕೇಳಿಸಲಿಲ್ಲ.

ಹಿರಿಯರು: ಚೆನ್ನಾಯಿತು! ನಮ್ಮ ಸಿನಿಮಾ ಹಾಡುಗಳಲ್ಲಿ ಗಿಟಾರನ್ನು ಅಳಿಸಿದವರು, ಪಿಟೀಲನ್ನು ನಗಿಸಿದವರು ಎಷ್ಟು ಮಂದಿ, ಅವರ ಹೆಸರು ಯಾವ ಗ್ರಾಮಫೋನ್ ತಟ್ಟೆಯ ಮೇಲಿತ್ತು? ಆ ಅನ್ಯಾಯವನ್ನು ನೀವು ಬೀದಿಯ ಗೋಡೆಯವರೆಗೂ ತಂದಿರಿ. ತಮಿಳುಸೀಮೆಯಲ್ಲಿ ನಾಗಸ್ವರದ ಕಛೇರಿಗೆ ಹೊರಗಿನ ವಿದ್ವಾಂಸನೊಬ್ಬನನ್ನು ಡೋಲಿಗೆ ಕರೆಸಿದರೆ, ಸ್ಪೆಷಲ್ ತವಿಲ್ ಎಂದು ದಪ್ಪ ಅಕ್ಷರದಲ್ಲಿ ಬರೆದು, ಅದರ ಕೆಳಗೆ ಆತನ ಊರನ್ನೂ ಹೆಸರನ್ನೂ ಅಚ್ಚು ಮಾಡಿಸುತ್ತಾರೆ. ಜನ ಆ ಒಂದು ಹೆಸರಿಗಾಗಿಯೇ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವೂ ಇತ್ತು. ನಿಮ್ಮ ಮುಂದಿನ ಕಾರ್ಯಕ್ರಮ ಯಾವಾಗ?

ಕಿರಿಯ: ದೀಪಾವಳಿ ಕಳೆದ ಮೇಲೆ. ಆತ ಮತ್ತೆ ಬರಲು ಒಪ್ಪಿದ್ದಾರೆ.

ಹಿರಿಯರು: ಹಾಗಾದರೆ ಕಾಗದವನ್ನು ಅಚ್ಚಿಗೆ ಕೊಡುವ ಮುಂಚೆ ನನಗೆ ಕಳುಹಿಸು, ನಾನು ತಿದ್ದಿಕೊಡುತ್ತೇನೆ. ಆತನ ಹೆಸರಿರಲಿ, ವಾದ್ಯದ ಹೆಸರಿರಲಿ, ಎರಡೂ ನಿಮ್ಮ ಹೆಸರುಗಳಷ್ಟೇ ದಪ್ಪವಾಗಿರಲಿ. ಕೇಳಲು ಬರುವ ನಿಮ್ಮ ಸ್ನೇಹಿತರಿಗೂ ಹೇಳು, ಹಾಡಿನ ನಡುವೆ ಎಡಗಡೆಯ ಮೂಲೆಯಿಂದ ಆ ಎಳೆ ಬಂದಾಗ ಒಂದು ಗಳಿಗೆ ಶಿಳ್ಳೆ ನಿಲ್ಲಿಸಿ ಎಂದು.